ಅರ್ಧ ಬಾನೆಟ್ಟು

ಕಾರು ನೋಡಿ ಅದನ್ನು ಒರೆಸುವವರ ಗುಣ ಹೇಳಿಬಿಡುತ್ತಿದ್ದಳು ಪಾಲಿಶಮ್ಮ. ಬಿಸಿಲಿಗೆ ನಿಲ್ಲಿಸಿದ ಕಾರಿನ ಬಾನೆಟ್ಟಿನ ಮೇಲೆ ತಲೆ ಓರೆ ಮಾಡಿ ಕಣ್ಣು ಹಾಯಿಸಿದರೆ ಸಾಕು, ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯ ಹಾಗೆ ಕೂದಲೆಳೆಯಂಥ ಗೀರುಗಳು ಸುತ್ತು ಸುತ್ತಾಗಿ ಎದ್ದು ಕಾಣುತ್ತಿದ್ದವು. "ಇದನ್ನ ಒರೆಸೋರು ಎಡಗೈಯವರು," ಎನ್ನುವಳು. "ಇವರು ಬಕೆಟ್ಟಿನ ನೀರು ಬದಲಾಯಿಸೋದೇ ಇಲ್ಲ, ಸೋಮಾರಿಗಳು." ಒಂದು ಸಲ "ಇವರು ಉಂಗುರ ತೆಗೀದೆ ಒರೆಸ್ತಾರೆ" ಎಂದಾಗ, ಕಾರು ತಂದಿದ್ದ ಹೆಂಗಸು ಮುಖ ಕೆಂಪಗೆ ಮಾಡಿಕೊಂಡು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು.

ಪಾಲಿಶಮ್ಮ ಅನ್ನುವ ಹೆಸರು ಕೊಟ್ಟವನು ಪಕ್ಕದ ಟೈರಿನ ಅಂಗಡಿಯವನು. ಅವನ ಅಂಗಡಿಯ ಹಿಂದೆ ತಗಡಿನ ಶೆಡ್ಡು, ಒಂದು ಕಾರು ನಿಂತರೆ ಸುತ್ತ ಒಬ್ಬರು ಓಡಾಡುವಷ್ಟು ಜಾಗ, ಗೋಡೆಗೆ ಎರಡು ಟ್ಯೂಬ್‌ಲೈಟು. ಅಲ್ಲಿ ಅವಳ ಗಂಡ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ. ಮೂಗಿಗೊಂದು ಕರವಸ್ತ್ರ ಕಟ್ಟಿಕೊಂಡರೆ ಅವನ ಪಾಲಿಗೆ ಅದೇ ರಕ್ಷೆ. ಕೆಮ್ಮು ಬಂತು. "ಧೂಳು ಬಿಡು" ಎಂದ. ಅವಳೂ ಧೂಳೇ ಇರಬೇಕು ಎಂದುಕೊಂಡಳು. ಎರಡು ವರ್ಷ ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಧೂಳು ಧೂಳು ಎಂದೇ ಸಮಾಧಾನ ಹೇಳಿಕೊಂಡರು. ಆಮೇಲೆ ಎಕ್ಸ್‌ರೇ ತೆಗೆದವರು ಬೇರೆ ಮಾತು ಹೇಳಿದರು. ಅವನು ಹೋದಾಗ ಮಗಳಿಗೆ ಒಂಬತ್ತು ವರ್ಷ. ಬಣ್ಣ ಹೊಡೆಯುವ ಗನ್ನನ್ನು ಅವಳು ಯಾರಿಗೋ ಕೊಟ್ಟು ಕೈತೊಳೆದುಕೊಂಡಳು. ಉಜ್ಜುವ ಕೆಲಸ ಮಾತ್ರ ಇಟ್ಟುಕೊಂಡಳು. ಅದರಲ್ಲಿ ಮೂಗಿಗೆ ಹೋಗುವಂಥದ್ದು ಏನೂ ಇರಲಿಲ್ಲ.

ಬೇರೆಯವರೆಲ್ಲ ಮೆಷಿನ್ನು ತಂದಾಗಲೂ ಅವಳು ಕೈಯಲ್ಲಿ ಉಜ್ಜುವುದು ಬಿಡಲಿಲ್ಲ. "ಮೆಷಿನ್ನಿಗೆ ಹೆದರಿಕೆ ಅನ್ನೋದು ಗೊತ್ತಿಲ್ಲ. ಹೆದರಿಕೆ ಇಲ್ಲದ ಕೈ ಬಣ್ಣ ಸುಡುತ್ತೆ," ಎನ್ನುವಳು. ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಇರುತ್ತದೆ, ಈರುಳ್ಳಿ ಸಿಪ್ಪೆಗಿಂತ ತೆಳು. ಗೀರು ಇರುವುದು ಅದರಲ್ಲಿ. ಗೀರನ್ನು ತೆಗೆಯುವುದು ಎಂದರೆ ಗೀರಿನ ಆಳಕ್ಕೆ ಅದರ ಸುತ್ತಲಿನ ಪದರವನ್ನೆಲ್ಲ ಸವೆಸುವುದು. ಒಂದು ಕಾರನ್ನು ಜೀವಮಾನದಲ್ಲಿ ಇಷ್ಟೇ ಸಲ ಉಜ್ಜಬಹುದು, ಅದರಾಚೆಗೆ ಉಜ್ಜಿದರೆ ಒಳಗಿನ ಬಣ್ಣ ಬೆಳ್ಳಗೆ ಹಲ್ಲು ಕಿರಿಯುತ್ತದೆ. ಹಾಗಾಗಿ ಅವಳು ಮೊದಲು ಎರಡು ಬಕೆಟ್ಟು ಇಟ್ಟುಕೊಂಡು ತೊಳೆಯುವಳು, ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಆಮೇಲೆ ತರಕಾರಿ ಕಟ್ಟಿಕೊಡುವ ತೆಳು ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ಬಾನೆಟ್ಟಿನ ಮೇಲೆ ಸವರುವಳು. ಬರಿಗೈಗೆ ನುಣುಪಾಗಿ ಕಂಡದ್ದು ಕವರಿನೊಳಗಿನ ಬೆರಳಿಗೆ ಮರಳಿನ ಹಾಗೆ ತಗಲುತ್ತದೆ. ನಂತರ ಮೆಣಸಿನ ಕಾಳಿನಷ್ಟು ಪೇಸ್ಟು, ಅಂಗೈಯಗಲದ ಜಾಗ, ನೇರ ಗೆರೆಯಲ್ಲಿ ಹೋಗಿ ಬರುವ ಕೈ. ಎಲ್ಲ ಮುಗಿದ ಮೇಲೆ ಮೇಣ. ಮೇಣದ ಡಬ್ಬಿ ಮುಚ್ಚಿದರೇನೇ ಕೆಲಸ ಮುಗಿದಂತೆ. ಮೇಣ ಹಚ್ಚದೆ ಕಾರು ಆಚೆ ಕಳಿಸುವುದು ಮಗುವಿಗೆ ಸ್ನಾನ ಮಾಡಿಸಿ ಬಟ್ಟೆ ಹಾಕದೆ ಬೀದಿಗೆ ಬಿಟ್ಟ ಹಾಗೆ ಎಂದು ಗಂಡ ಹೇಳಿಕೊಟ್ಟಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಕಾರೂ ಹಾಗೆ ಹೋಗಿರಲಿಲ್ಲ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಟ್ಯಾಕ್ಸಿಯವನು ಬಂದ. ಅವನ ಕಾರು ಕಪ್ಪು.

"ಪಾಲಿಶಮ್ಮ, ನನ್ನ ಕಾರಿಗೆ ಸಿಡುಬು ಬಂದಿದೆ, ನೋಡು ಬಾ."

ನೋಡಿದರೆ ಬಾನೆಟ್ಟು, ಮೇಲ್ಛಾವಣಿ, ಡಿಕ್ಕಿ ಎಲ್ಲದರ ಮೇಲೂ ಸಾಸಿವೆಯಷ್ಟಗಲದ ಉಂಗುರಗಳು. ನೀರಿನ ಕಲೆ ಎಂದುಕೊಂಡು ಅವಳು ವಿನೆಗರ್ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಹಾಸಿ ತೆಗೆದಳು. ಗಡಸು ನೀರಿನ ಉಪ್ಪು ಆಗಿದ್ದರೆ ಅಷ್ಟಕ್ಕೇ ಬಿಟ್ಟುಕೊಳ್ಳಬೇಕು. ಬಿಡಲಿಲ್ಲ. ಕೈಗೆ ಕವರು ಹಾಕಿ ಸವರಿದಳು. ಕಲೆ ಮೇಲೆ ಕೂತಿದ್ದರೆ ಬೆರಳು ತಡೆಯುತ್ತದೆ. ಇಲ್ಲಿ ಬೆರಳು ತಡೆಯಲಿಲ್ಲ, ಒಳಕ್ಕೆ ಬಿತ್ತು. ಒಂದೊಂದು ಉಂಗುರದಲ್ಲೂ ಬಿತ್ತು.

"ಇದು ಕೂತಿಲ್ಲ ಕಣಪ್ಪ," ಎಂದಳು. "ತಿಂದಿದೆ."

"ಏನು ತಿಂದಿದೆ?"

"ಅದೇ ಗೊತ್ತಾಗ್ತಿಲ್ಲ. ರಾತ್ರಿ ಎಲ್ಲಿ ನಿಲ್ಲಿಸ್ತೀಯ?"

"ನಮ್ಮಣ್ಣನ ಮನೆ ಮುಂದೆ. ತಗಡು ಕಾರ್ಖಾನೆ ಕ್ವಾರ್ಟರ್ಸು, ಎರಡನೇ ಸಾಲು."

ಪಾಲಿಶಮ್ಮನ ಕೈ ಕಾರಿನ ಮೇಲೆ ಹಾಗೇ ನಿಂತಿತು. ಅದೇ ಕ್ವಾರ್ಟರ್ಸಿನ ಮೊದಲನೇ ಸಾಲಿನ ಮೂರನೇ ಮನೆ ಅವಳ ಮಗಳದು. ಅಳಿಯ ಆ ಕಾರ್ಖಾನೆಯಲ್ಲಿ ತಗಡಿನ ಸುರುಳಿಗಳನ್ನು ಲಾರಿಗೆ ಹತ್ತಿಸುವ ವಿಭಾಗದ ಸೂಪರ್‌ವೈಸರ್. ಮಗಳಿಗೆ ಎಂಟು ತಿಂಗಳ ಹೆಣ್ಣುಮಗು, ಎಲ್ಲರೂ ಪುಟ್ಟಿ ಎನ್ನುತ್ತಿದ್ದರು.

ಅದಾದ ಮೇಲೆ ಒಂದು ನರ್ಸಮ್ಮನ ಕೆಂಪು ಕಾರು ಬಂತು. ಅದೇ ಉಂಗುರ. ಆಮೇಲೆ ಯಾರೋ ಗುಮಾಸ್ತರ ಬಿಳಿ ಕಾರು. ಕೇಳಿದರೆ ಇಬ್ಬರೂ ಅದೇ ಕ್ವಾರ್ಟರ್ಸಿನ ಹಿಂದಿನ ಸಾಲುಗಳವರು. ಬಿಳಿಯದರಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ, ಕವರು ಹಾಕಿದ ಕೈ ಮಾತ್ರ ಎಲ್ಲವನ್ನೂ ಹೇಳಿತು. ಅವಳಿಗೆ ಅಕ್ಷರ ಅಷ್ಟಕ್ಕಷ್ಟೇ. ಕಾರು ಮಾತ್ರ ಒಮ್ಮೆ ಕೈಯಾಡಿಸಿದರೆ ಮರೆಯುತ್ತಿರಲಿಲ್ಲ. ಮಲಗಿದಾಗ ಒಂದೊಂದೇ ಕಾರನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು ನೋಡಿದಳು. ಹಿಂದಿನ ಸಾಲಿನವರ ಕಾರಿಗೆ ಉಂಗುರ ಚದುರಿದ ಹಾಗೆ ಇತ್ತು. ಎರಡನೇ ಸಾಲಿನವರದಕ್ಕೆ ಒತ್ತಾಗಿತ್ತು. ಬಾಗಿಲುಗಳ ಮೇಲೆ ಯಾರದಕ್ಕೂ ಇರಲಿಲ್ಲ, ಆಕಾಶಕ್ಕೆ ಮುಖ ಮಾಡಿದ ಕಡೆ ಮಾತ್ರ. ಕಾರ್ಖಾನೆಗೆ ಎಲ್ಲಕ್ಕಿಂತ ಹತ್ತಿರದ ಮೊದಲನೇ ಸಾಲಿನ ಕಾರು ಇನ್ನೂ ಒಂದೂ ಬಂದಿರಲಿಲ್ಲ. ಹೋಗಿ ನೋಡುವುದಕ್ಕೆ ಅವಳಿಗೆ ಎರಡು ದಿನ ಧೈರ್ಯ ಸಾಲಲಿಲ್ಲ.

ಮೂರನೇ ದಿನ ಶೆಡ್ಡಿಗೆ ಬೀಗ ಹಾಕಿ ಬೆಳಗಿನ ಮೊದಲ ಬಸ್ಸು ಹತ್ತಿದಳು.

ಕ್ವಾರ್ಟರ್ಸು ಚೊಕ್ಕಟವಾಗಿತ್ತು. ಒಂದೇ ಅಚ್ಚಿನ ಮನೆಗಳು, ಮುಂದೆ ಸಣ್ಣ ಜಗಲಿ, ಕಬ್ಬಿಣದ ಕಟಕಟೆ. ಮೈದಾನದ ಆಚೆ ಕಾರ್ಖಾನೆ, ಅದರ ಪಕ್ಕದಲ್ಲಿ ಎತ್ತರದ ಗೋಪುರ. ಗಾಳಿ ಒಂದಿಷ್ಟೂ ಇರಲಿಲ್ಲ. ಗೋಪುರದ ಬಾಯಿಂದ ಬಿಳಿ ಮಂಜು ಎದ್ದು, ಮೇಲೆ ಹೋಗಲು ಮನಸ್ಸಿಲ್ಲದ ಹಾಗೆ ಮಗ್ಗುಲಾಗಿ, ಮೈದಾನದ ಮೇಲೆ ತಗ್ಗಿನಲ್ಲೇ ತೆವಳಿಕೊಂಡು ಮನೆಗಳ ಕಡೆ ಬರುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಅದು ಕಣ್ಣಿಗೆ ಕಾಣದಷ್ಟು ತೆಳುವಾಗುತ್ತಿತ್ತು. ಜಗಲಿಯ ಮೇಲೆ ಚಾಪೆ ಹಾಸಿತ್ತು. ಚಾಪೆಯ ಮೇಲೆ ಪುಟ್ಟಿ ಎಳೆಬಿಸಿಲಿಗೆ ಕಾಲು ಆಡಿಸುತ್ತ ಮಲಗಿದ್ದಳು.

ಪಾಲಿಶಮ್ಮ ಚೀಲವನ್ನು ಅಲ್ಲೇ ಕೆಳಗೆ ಹಾಕಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

"ಅಯ್ಯೋ, ಬಿಸಿಲು ಕಾಯ್ಲಿ ಅಂತ ಮಲಗಿಸಿದ್ದೆ ಕಣಮ್ಮ," ಎಂದಳು ಮಗಳು. "ಬಂದವಳು ಬಂದೆ ಅಂತಲೂ ಹೇಳ್ದೆ ಮಗು ಕದ್ಕೊಂಡು ಓಡ್ತೀಯಲ್ಲ!"

"ದಿನಾ ಮಲಗಿಸ್ತೀಯಾ?"

"ದಿನಾ. ಹುಟ್ಟಿದ ತಿಂಗಳಿಂದ. ಬಿಸಿಲು ಒಳ್ಳೇದಂತೆ ಮೂಳೆಗೆ."

ಮಗುವಿನ ಬಲಗೆನ್ನೆಯ ಮೇಲೆ ಒಂದು ನಾಣ್ಯದಗಲ ಚರ್ಮ ಒರಟಾಗಿತ್ತು. ಕಾರ್ಖಾನೆಯ ಡಾಕ್ಟರು ಮುಲಾಮು ಕೊಟ್ಟಿದ್ದಾರಂತೆ, ಒಣಹವೆಗೆ ಹಾಗಾಗುತ್ತದಂತೆ. ಅಷ್ಟರಲ್ಲಿ ಮಗು ಕೆಮ್ಮಿತು. ಎರಡೇ ಸಲ, ಬೆಕ್ಕಿನ ಮರಿ ಸೀನಿದಷ್ಟು ಸಣ್ಣಗೆ.

"ಇದ್ಯಾವಾಗಿಂದ?"

"ಅಯ್ಯೋ ಅದು ಏನಿಲ್ಲ. ಧೂಳು."

ಪಾಲಿಶಮ್ಮ ಕೂತಲ್ಲಿಂದ ಎದ್ದುಬಿಟ್ಟಳು. ಚೀಲದಿಂದ ಕವರು ತೆಗೆದು ಕೈಗೆ ಹಾಕಿಕೊಂಡು ಆಚೆ ಬಂದಳು. ಅಳಿಯನ ನೀಲಿ ಕಾರಿನ ಬಾನೆಟ್ಟನ್ನು ಮುಟ್ಟಿದಳು. ಬೆರಳು ಬಿದ್ದು ಬಿದ್ದು ಎದ್ದಿತು. ಕಿಟಕಿಯ ಗಾಜು ಮುಟ್ಟಿದಳು. ಕಟಕಟೆ ಮುಟ್ಟಿದಳು, ಬಣ್ಣ ಅಕ್ಕಿಯ ನುಚ್ಚಿನಂತೆ ಉದುರಿತು. ಜಗಲಿಯ ಮೂಲೆಯಲ್ಲಿ ಮಗುವಿಗೆ ಸ್ನಾನ ಮಾಡಿಸುವ ಸ್ಟೀಲಿನ ಬೋಗುಣಿ ಬೋರಲು ಹಾಕಿತ್ತು. ಅದರ ಬೆನ್ನ ಮೇಲೂ ಕೈ ಆಡಿಸಿದಳು.

ಮಗಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಏನಮ್ಮಾ, ಮನೆಗೂ ಪಾಲಿಶ್ ಹಾಕೋಕೆ ಬಂದ್ಯಾ? ಮುಗಿದ ಮೇಲೆ ನಿನ್ನ ಅಳಿಯನ ತಲೆಗೂ ಸ್ವಲ್ಪ ಹಾಕು, ಕೂದಲು ಹೇಗೂ ಇಲ್ಲ."

"ನನ್ನ ತಲೆ ಯಾಕೆ ಬಂತು ಇದರಲ್ಲಿ?" ಎನ್ನುತ್ತ ಅಳಿಯ ಟವೆಲಿನಲ್ಲಿ ಮುಖ ಒರೆಸಿಕೊಂಡು ಬಂದ. ಕೆಟ್ಟವನಲ್ಲ. ಅತ್ತೆ ಬಂದರೆ ತಾನೇ ಟೀ ಮಾಡಿ ಕೊಡುವವನು. ಅವಳು ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಕಂಡದ್ದನ್ನೆಲ್ಲ ಹೇಳಿದಳು: ಟ್ಯಾಕ್ಸಿ, ನರ್ಸಮ್ಮ, ಗುಮಾಸ್ತರು, ಸಾಲುಗಳು. ಗೋಪುರದಿಂದ ಇಳಿಯುವ ಮಂಜು ಬಣ್ಣ ತಿನ್ನುತ್ತಿದೆ, ಬಣ್ಣ ತಿನ್ನುವುದು ಮಗುವನ್ನು ಬಿಡುತ್ತದೆಯೇ ಎಂದಳು.

"ಅತ್ತೆ, ಅದು ಬರೀ ನೀರಾವಿ," ಎಂದ ಅಳಿಯ. "ತಗಡಿನ ತುಕ್ಕು ತೆಗೆಯೋಕೆ ಆಸಿಡ್‌ನಲ್ಲಿ ಅದ್ದುತಾರೆ, ನಿಜ. ಆದರೆ ಅದರ ಹೊಗೆನ ಆ ಗೋಪುರದಲ್ಲಿ ನೀರು ಹೊಡೆದು ತೊಳೆದೇ ಆಚೆ ಬಿಡೋದು. ಅಳೆಯೋಕೆ ಮೆಷಿನ್ ಇಟ್ಟಿದ್ದಾರೆ, ಓದಿದೋರು ಕೂತಿದ್ದಾರೆ."

"ಓದಿದೋರು ಕಾರು ಸವರಿ ನೋಡಿದ್ದಾರಾ?"

"ನಿಮ್ಮ ಬೆರಳೇನು ಮೆಷಿನ್ನಾ ಅತ್ತೆ?"

"ಮೆಷಿನ್ನಿಗಿಂತ ಹಳೇದು. ಸುಮ್ನೆ ಒಂದು ತಿಂಗಳು ಮಗಳನ್ನೂ ಮಗೂನೂ ನನ್ನ ಜೊತೆ ಕಳಿಸಿ."

"ಕಳಿಸಿದ್ರೆ ನಾಳೆ ಇಡೀ ಸಾಲು ಕೇಳುತ್ತೆ, ಯಾಕೆ ಹೋದ್ರು ಅಂತ. ಮ್ಯಾನೇಜರ್ ಕೇಳ್ತಾರೆ. ಕಾರು ಉಜ್ಜೋ ಅತ್ತೆ ಹೇಳಿದ್ರು ಅನ್ಲಾ?" ಆಮೇಲೆ ಮಾತು ಒರಟಾಯಿತು ಎನಿಸಿ, "ಬೇಜಾರು ಮಾಡ್ಕೋಬೇಡಿ. ಈ ಬಾನೆಟ್ಟು ನಾನು ಕಾರು ತಗೊಂಡಾಗ್ಲೇ ಹೀಗಿತ್ತೇನೋ, ಯಾರು ಕಂಡ್ರು?" ಎಂದ.

ಪಾಲಿಶಮ್ಮನಿಗೆ ಆಗಲೇ ಆ ಯೋಚನೆ ಬಂತು. ಹೊಸ ಗಿರಾಕಿ ನಂಬದಿದ್ದರೆ ಅವಳು ಬಾನೆಟ್ಟಿನ ನಡುವೆ ಟೇಪು ಅಂಟಿಸಿ ಅರ್ಧ ಮಾತ್ರ ಉಜ್ಜಿ ತೋರಿಸುವುದಿತ್ತು. ಟೇಪು ಕಿತ್ತರೆ ಈ ಕಡೆಗೂ ಆ ಕಡೆಗೂ ಇರುವ ವ್ಯತ್ಯಾಸ ಕುರುಡರಿಗೂ ಕಾಣುತ್ತದೆ.

"ಸರಿ," ಎಂದಳು. "ಅರ್ಧ ಬಾನೆಟ್ಟು ನಾನು ಶುದ್ಧ ಮಾಡ್ತೀನಿ, ಒಂದು ಚುಕ್ಕೆನೂ ಇಲ್ಲದ ಹಾಗೆ. ಏಳು ದಿನ ಕಾರು ಇಲ್ಲೇ ನಿಂತಿರಲಿ. ಮುಚ್ಚಬೇಡಿ, ಒರೆಸಬೇಡಿ. ಏಳನೇ ದಿನ ಬರ್ತೀನಿ. ಶುದ್ಧವಾಗೇ ಇದ್ರೆ ನಾನು ಇನ್ನು ಬಾಯಿ ಬಿಡಲ್ಲ. ಉಂಗುರ ಬಿದ್ದಿದ್ರೆ ಇವರಿಬ್ಬರೂ ನನ್ನ ಜೊತೆ ಹೊರಡ್ತಾರೆ. ಆಗಬಹುದಾ?"

ಅಳಿಯ ನಕ್ಕ. ಅವನಿಗೆ ಅಷ್ಟು ಧೈರ್ಯವಿತ್ತು. "ಆಗಬಹುದು ಅತ್ತೆ. ನನಗೆ ಪುಕ್ಕಟೆ ಪಾಲಿಶ್ ಆಯ್ತಲ್ಲ! ಅರ್ಧ ಸೋತ್ರೂ ಅರ್ಧ ಲಾಭ."

ಅವನು ಡ್ಯೂಟಿಗೆ ಹೋದ. ಅವಳು ಕಾರನ್ನು ಮನೆಯ ನೆರಳಿಗೆ ತಳ್ಳಿಸಿಕೊಂಡು, ಮೊಣಕೈವರೆಗೆ ತೋಳು ಮಡಿಸಿ ಕೂತಳು. ತೊಳೆದಳು, ಟೇಪು ಎಳೆದಳು. ಉಂಗುರಗಳು ಆಳವಾಗಿದ್ದವು. ಹೆಬ್ಬೆರಳಿಗೆ ಬಟ್ಟೆ ಸುತ್ತಿ ಒಂದೊಂದನ್ನೂ ಅದರ ತಳ ಮುಟ್ಟುವವರೆಗೆ ಸವೆಸಬೇಕಾಯಿತು. ಅಕ್ಕಪಕ್ಕದ ಹೆಂಗಸರು ಬಂದು ನಿಂತು, ಮಾತಾಡಿಸಿ, ಅವಳು ತಲೆ ಎತ್ತದಿದ್ದುದನ್ನು ನೋಡಿ ಹೋದರು. ಬಟ್ಟೆ ಹೋಗಿ ಬರುವ ಸದ್ದು ಮಧ್ಯಾಹ್ನವೆಲ್ಲ ಕೇಳಿತು. ಒಳಗಿನಿಂದ ಆಗಾಗ ಆ ಸಣ್ಣ ಕೆಮ್ಮು. ಸಂಜೆಗೆ ಮುಗಿಯಿತು. ಎಂದಿನಂತೆ ಕೈ ಚೀಲಕ್ಕೆ ಹೋಯಿತು, ಡಬ್ಬಿ ತೆರೆಯಿತು, ತೆಳುವಾಗಿ ಬಳಿದು, ಮಬ್ಬು ಕಟ್ಟಿದ ಮೇಲೆ ಒರೆಸಿತು, ಡಬ್ಬಿ ಮುಚ್ಚಿತು. ಅವಳು ಟೇಪು ಕಿತ್ತಳು. ಶುದ್ಧವಾದ ಅರ್ಧದಲ್ಲಿ ಗೋಪುರ ನೆಟ್ಟಗೆ, ಬಾವಿಯೊಳಗೆ ನಿಂತಂತೆ ಕಾಣುತ್ತಿತ್ತು. ಇನ್ನರ್ಧದಲ್ಲಿ ಅದೇ ಗೋಪುರ ನೂರು ಚೂರಾಗಿತ್ತು. ಕಾರನ್ನು ಮತ್ತೆ ಬಯಲಿಗೆ ನಿಲ್ಲಿಸಿ, ಮಗುವನ್ನು ಜಗಲಿಗೆ ಮಲಗಿಸಬೇಡ ಎಂದು ಮಗಳಿಂದ ಮಾತು ತೆಗೆದುಕೊಂಡು, ಅವಳು ಬಸ್ಸು ಹತ್ತಿದಳು.

ನಾಲ್ಕನೇ ದಿನ ಶೆಡ್ಡಿನಲ್ಲಿ ಯಾರದೋ ಹಸಿರು ಕಾರು ಮುಗಿಸುತ್ತಿದ್ದಳು. ಟೈರಿನವನು ಬಾಗಿಲಿಗೆ ಒರಗಿ ಹರಟೆ ಹೊಡೆಯುತ್ತಿದ್ದ. ಅವಳು ಮೇಣದ ಡಬ್ಬಿಗೆ ಕೈ ಚಾಚಿದಳು. ಚಾಚಿದ ಕೈ ಗಾಳಿಯಲ್ಲೇ ನಿಂತಿತು.

"ಯಾಕೆ ಪಾಲಿಶಮ್ಮ, ಚೇಳು ಕಂಡ್ಯಾ?"

ಮೇಣ ಯಾತಕ್ಕೆ ಹಚ್ಚುವುದು? ಮೇಲೆ ಬಿದ್ದದ್ದು ಬಣ್ಣಕ್ಕೆ ತಾಗದಿರಲಿ ಎಂದು. ಹುಳಿ ಬಿದ್ದರೂ, ಹಕ್ಕಿ ಹಿಕ್ಕೆ ಬಿದ್ದರೂ ಮೊದಲು ಮೇಣವನ್ನೇ ತಿನ್ನಲಿ ಎಂದು. ಏಳು ದಿನವೇನು, ಒಂದು ತಿಂಗಳು ಅದು ಕಾಯುತ್ತದೆ. ಮಂಜು ಏನೇ ತಿನ್ನಲಿ, ಅಳಿಯನ ಬಾನೆಟ್ಟಿನ ಆ ಅರ್ಧ ಏಳನೇ ದಿನ ಕನ್ನಡಿಯ ಹಾಗೆ ನಿಂತಿರುತ್ತದೆ. ಅವನು ನಗುತ್ತಾನೆ. ಮಗಳು ಮತ್ತೆ ಚಾಪೆ ಹಾಸುತ್ತಾಳೆ.

"ನನ್ನ ಕೈಗೆ ಬೆಂಕಿ ಬೀಳ," ಎಂದಳು.

"ಏನಾಯ್ತು ಹೇಳಬಾರದಾ?"

"ಮೇಣ ಹಚ್ಚಿಬಿಟ್ಟೆ ಕಣೋ."

"ನೀನು ಮೇಣ ಹಚ್ಚದೇ ಇದ್ರೆ ಸುದ್ದಿ. ಹಚ್ಚಿದ್ರೆ ಅದೇನು ಸುದ್ದಿ?"

ಅವಳು ಹಸಿರು ಕಾರನ್ನು ಹಾಗೇ ಬಿಟ್ಟು, ಶೆಡ್ಡಿನ ಬೀಗದ ಕೈಯನ್ನು ಅವನಿಗೆ ಕೊಟ್ಟು ಓಡಿದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ.

ಅಳಿಯ ಡ್ಯೂಟಿಗೆ ಹೋಗಿದ್ದ. ಮಗಳು ಬಾಗಿಲು ತೆರೆದು ಅಮ್ಮನ ಮುಖ ನೋಡಿ ಗಾಬರಿಯಾದಳು. ಪಾಲಿಶಮ್ಮ ಉಸಿರು ಬಿಡದೆ ಎಲ್ಲ ಹೇಳಿದಳು. "ಆ ಅರ್ಧ ನೋಡಿ ಏನೂ ಇಲ್ಲ ಅಂದ್ಕೋಬೇಡ ಕಣೇ. ಅದು ನನ್ನ ಕೈ ಮಾಡಿದ ಮೋಸ. ಈಗ ಸೋಪು ಹಾಕಿ ಮೇಣ ತೆಗೆದುಬಿಡ್ತೀನಿ. ಇನ್ನೂ ಮೂರು ಬೆಳಗು ಉಳಿದಿದೆ."

"ಅಮ್ಮ, ಮುಟ್ಟಬಾರದು ಅಂತ ನೀನೇ ತಾನೆ ಹೇಳಿದ್ದು? ಅವರಿಗೆ ಗೊತ್ತಾದ್ರೆ, ಅತ್ತೆ ಏನೋ ಹಚ್ಚಿ ಉಂಗುರ ಮಾಡಿದ್ರು ಅಂತಾರೆ. ಆಮೇಲೆ ನಿನ್ನ ಮಾತನ್ನ ಸಾಯೋವರೆಗೂ ಯಾರೂ ನಂಬಲ್ಲ."

"ನನ್ನನ್ನ ನಂಬದಿದ್ರೆ ಹೋಗ್ಲಿ."

ಒಳಗೆ ಪುಟ್ಟಿ ಕೆಮ್ಮಿತು, ಈ ಸಲ ಎರಡಕ್ಕೆ ನಿಲ್ಲಲಿಲ್ಲ. ನಿಲ್ಲುವವರೆಗೆ ತಾಯಿ ಮಗಳು ಇಬ್ಬರೂ ಮಿಸುಕದೆ ಕೇಳಿಸಿಕೊಂಡರು.

"ನೀನು ಕಾರಿನ ಹತ್ತಿರ ಬರಬೇಡ," ಎಂದಳು ಮಗಳು. "ಒಳಗೆ ಮಗೂನ ನೋಡ್ಕೋ. ನಾನು ತೊಳೀತೀನಿ."

ಶೆಡ್ಡಿನಲ್ಲೇ ಆಡಿ ಬೆಳೆದವಳು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಕದಡಿ, ಎರಡು ಬಕೆಟ್ಟು ಇಟ್ಟುಕೊಂಡು, ಆ ಅರ್ಧವನ್ನು ಮೂರು ಸಲ ತೊಳೆದಳು. ಕಡೆಗೆ ಒಂದು ಚೊಂಬು ನೀರು ಸುರಿದು ನೋಡಿದಳು. ಮೇಣವಿದ್ದರೆ ನೀರು ಮುತ್ತಿನ ಹಾಗೆ ಉರುಳಬೇಕು. ಉರುಳಲಿಲ್ಲ, ಹಾಳೆಯ ಹಾಗೆ ಹರಡಿಕೊಂಡಿತು. ಮಗಳು ಆ ನೀರನ್ನು ಮೆಲ್ಲಗೆ ಒರೆಸಿ ಒಳಗೆ ಬಂದಳು.

"ಈಗ ಅದಕ್ಕೆ ಏನೂ ಅಡ್ಡ ಇಲ್ಲ," ಎಂದಳು.

ಆ ಮೂರು ದಿನ ಪಾಲಿಶಮ್ಮ ಶೆಡ್ಡಿನಲ್ಲಿ ಕೆಲಸ ಮಾಡಿದಳು ಎಂದು ಹೇಳುವುದಕ್ಕಾಗದು. ಕಾರಿನ ಸುತ್ತ ಸುತ್ತುತ್ತಿದ್ದಳು ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ಗಾಳಿ ಇದೆಯೇ ಎಂದು ನೋಡುವಳು. ಗಾಳಿ ಬೀಸಿದರೆ ಮಂಜು ಬೇರೆ ಕಡೆ ಹೋಗಿ ಉಂಗುರ ಬೀಳದೆ ಹೋದೀತು ಎಂಬ ಭಯ. ಬೀಸದಿದ್ದರೆ ಮಗುವಿನ ಭಯ. ಬಾನೆಟ್ಟು ಹಾಳಾಗಲಿ ಎಂದು ಅವಳು ಹಾರೈಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಮೂರು ದಿನವೂ ಎಲೆ ಅಲುಗಾಡಲಿಲ್ಲ.

ಏಳನೇ ದಿನ ಅವಳು ಹೋಗುವ ಹೊತ್ತಿಗೆ ಬಿಸಿಲು ಕಾರಿನ ಮೇಲೆ ಬಿದ್ದಿತ್ತು. ಅಳಿಯ ರಜೆ ಹಾಕಿದ್ದ. "ಬನ್ನಿ ಅತ್ತೆ, ತೀರ್ಪು ಹೇಳಿ," ಎಂದು ನಗುತ್ತಲೇ ಜಗಲಿಯಿಂದ ಇಳಿದು ಬಂದ. ಬಾನೆಟ್ಟಿನ ಮೇಲೆ ಬಗ್ಗಿದ. ನಗು ಮುಖದ ಮೇಲೆ ಇನ್ನೂ ಇತ್ತು, ಅದನ್ನು ತೆಗೆಯುವುದಕ್ಕೆ ಮರೆತವನ ಹಾಗೆ.

ಶುದ್ಧವಾಗಿದ್ದ ಅರ್ಧದಲ್ಲಿ ಉಂಗುರಗಳು ಇದ್ದವು. ಹಳೆಯವಷ್ಟು ಆಳವಲ್ಲ. ಆದರೆ ಎಣಿಸಲಾಗದಷ್ಟು, ತುದಿಯಿಂದ ತುದಿಯವರೆಗೆ. ಅವನು ಹೆಬ್ಬೆರಳಿಂದ ಉಜ್ಜಿದ. ಎಂಜಲು ಹಚ್ಚಿ ಉಜ್ಜಿದ. ಅಂಗಿಯ ತುದಿಯಿಂದ ಉಜ್ಜಿದ.

"ಯಾರಾದ್ರೂ ಮುಟ್ಟಿದ್ರಾ ಇದನ್ನ?" ಎಂದ.

ಪಾಲಿಶಮ್ಮ ಬಾಯಿ ತೆರೆಯುವ ಮೊದಲೇ ಮಗಳು, "ನಾನು ಮುಟ್ಟಿದೆ," ಎಂದಳು. "ಅಮ್ಮ ಅಭ್ಯಾಸಬಲದಿಂದ ಮೇಣ ಹಚ್ಚಿದ್ದಳು. ನಾಲ್ಕನೇ ದಿನ ನಾನು ಪಾತ್ರೆ ಸೋಪಲ್ಲಿ ತೊಳೆದು ತೆಗೆದೆ. ಬೇರೆ ಏನೂ ಹಚ್ಚಿಲ್ಲ. ಅದೇ ಸೋಪಲ್ಲೇ ನೀವು ದಿನಾ ತಟ್ಟೆ ತೊಳೀತೀರಿ."

"ಹಾಗಾದ್ರೆ ಪಂದ್ಯ ಮುರಿದುಬಿತ್ತು."

"ಮುರೀಲಿ. ಮೂರು ಬೆಳಗಿಗೆ ಇಷ್ಟು ಆಗಿದೆ. ಪುಟ್ಟಿ ಎಂಟು ತಿಂಗಳಿಂದ ಇಲ್ಲಿ ಮಲಗಿದ್ದಾಳೆ. ನಾನೇ ಮಲಗಿಸಿದ್ದೀನಿ."

ಅವನು ಜಗಲಿಯ ಮೆಟ್ಟಿಲ ಮೇಲೆ ಕೂತ. ಮೈದಾನದ ಆಚೆ ಗೋಪುರದ ಬಾಯಿ ಆ ಹೊತ್ತಿನಲ್ಲಿ ಖಾಲಿ ಇತ್ತು, ಒಂದೆಳೆ ಹೊಗೆಯೂ ಇರಲಿಲ್ಲ. ಅದನ್ನೇ ನೋಡುತ್ತ, ಯಾರಿಗೂ ಹೇಳದವನಂತೆ, "ನೀರು ಹೊಡೆಯೋ ಪಂಪು ಬೆಳಗಿನ ಜಾವ ನಿಲ್ಲಿಸ್ತಾರೆ ಅಂತ ಮಾತು ಇತ್ತು," ಎಂದ.

"ಯಾವಾಗಿಂದ?" ಎಂದಳು ಪಾಲಿಶಮ್ಮ.

"ನನಗೇನು ಗೊತ್ತು ಅತ್ತೆ, ನಮ್ಮದು ಲಾರಿ ಕಡೆ." ಕಾಲ್ಬೆರಳಿಂದ ಮಣ್ಣು ಕೆದಕುತ್ತ, "ಹೋದ ವರ್ಷದಿಂದ," ಎಂದ.

ಮಗಳು ಅವನನ್ನು ನೋಡಿದಳು. ಒಳಗೆ ಹೋಗಿ ಕಪಾಟು ತೆರೆದು ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಮೂಸಿ ನೋಡಿ, ಜಗಲಿಯ ಹಗ್ಗದ ಮೇಲೆ ಒಣಗಿದವನ್ನೆಲ್ಲ ಅಲ್ಲೇ ಬಿಟ್ಟು, ಉಳಿದ ನಾಲ್ಕೇ ನಾಲ್ಕನ್ನು ಚೀಲಕ್ಕೆ ಹಾಕಿಕೊಂಡಳು. ಪಾಲಿಶಮ್ಮ ಮಗುವಿನ ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿ ಎತ್ತಿಕೊಂಡಳು. ಅಳಿಯ ಬಸ್‌ಸ್ಟಾಪಿನವರೆಗೆ ಚೀಲ ಹೊತ್ತು ಬಂದ. ಮೊದಲನೇ ಸಾಲಿನ ಉದ್ದಕ್ಕೂ ಜಗಲಿಗಳಲ್ಲಿ ಚಾಪೆಗಳಿದ್ದವು. ಒಂದು ಮನೆಯ ಮುಂದೆ ಇಬ್ಬರು ಮಕ್ಕಳು ಕಾರಿನ ಮಬ್ಬು ಹಿಡಿದ ಗಾಜಿನ ಮೇಲೆ ಬೆರಳಿಂದ ಗೊಂಬೆ ಬರೆದು ಆಡುತ್ತಿದ್ದರು.

"ಅವರಿಗೂ ಹೇಳಿ," ಎಂದಳು ಪಾಲಿಶಮ್ಮ.

ಅವನು ತಲೆಯಾಡಿಸಿದ. ಹೂಂ ಎಂದೋ ಊಹೂಂ ಎಂದೋ ತಿಳಿಯುವ ಮೊದಲೇ ಬಸ್ಸು ಬಂತು.

ಶೆಡ್ಡಿನ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ಮೂವರೂ ಇಕ್ಕಟ್ಟಾಗಿ ಮಲಗಿದರು. ಪುಟ್ಟಿಯ ಕೆನ್ನೆ ಹತ್ತು ದಿನದಲ್ಲಿ ನುಣುಪಾಯಿತು. ಕೆಮ್ಮು ಕಡಿಮೆಯಾಯಿತು, ಹೋಗಲಿಲ್ಲ. ದೊಡ್ಡ ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿಸಿಕೊಂಡು, ದೊಡ್ಡವಳಾಗುತ್ತ ನೋಡೋಣ ಎಂದರು. ಪಾಲಿಶಮ್ಮ ಡಾಕ್ಟರ ಮುಖವನ್ನು ಬಾನೆಟ್ಟಿನ ಹಾಗೆ ಓರೆಯಿಂದ ನೋಡಿದಳು. ಏನೂ ಓದಲಾಗಲಿಲ್ಲ.

ಮೂರನೇ ಭಾನುವಾರ ಅಳಿಯ ಬಂದ. ಬಸ್ಸಿನಲ್ಲಿ ಬಂದಿದ್ದ, ಕಾರು ತಂದಿರಲಿಲ್ಲ. ಸಾಲಿನಲ್ಲಿ ಎರಡು ಮನೆಯವರಿಗೆ ಹೇಳಿದನಂತೆ. ಒಬ್ಬರು ನಕ್ಕರಂತೆ, ಇನ್ನೊಬ್ಬರು ಮ್ಯಾನೇಜರಿಗೆ ತಲುಪಿಸಿದರಂತೆ. ಅವನನ್ನು ಲಾರಿ ಕಡೆಯಿಂದ ತೆಗೆದು ತುಕ್ಕು ತೊಳೆಯುವ ಆಸಿಡ್ ತೊಟ್ಟಿಗಳ ಕಡೆ ಹಾಕಿದ್ದಾರೆ, ಬೆಳಗಿನ ಪಾಳಿ.

"ಬಿಟ್ಟು ಬನ್ನಿ," ಎಂದಳು ಹೆಂಡತಿ.

"ಬೇರೆ ಕಡೆ ಕೇಳಿದ್ದೀನಿ. ಸಿಗೋವರೆಗೆ," ಎಂದ. ಅವನ ದನಿ ಒಡೆದಿತ್ತು. ಎರಡು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಪಾಲಿಶಮ್ಮ ಅದನ್ನು ಎಣಿಸುತ್ತಿದ್ದಳು. ಹೆಂಡತಿಯೂ ಎಣಿಸುತ್ತಿದ್ದಳು. ಯಾರೂ ಧೂಳು ಎನ್ನಲಿಲ್ಲ.

ಟೀ ಕುಡಿದಾದ ಮೇಲೆ ಪುಟ್ಟಿ ಅಪ್ಪನನ್ನು ಕಂಡು ಅಂಬೆಗಾಲಿನಲ್ಲಿ ಬಂದು ಎರಡೂ ಕೈ ಚಾಚಿತು. ಅವನು ಎತ್ತಿಕೊಂಡ. ಎತ್ತಿಕೊಂಡವನು ಎದೆಗೆ ಒತ್ತಿಕೊಳ್ಳಲು ಹೋಗಿ ತಡೆದ. ಜಗಲಿಯ ಹಗ್ಗದ ಮೇಲೆ ಒಣಗಿದ ಅಂಗಿಯ ಭುಜವನ್ನು ಒಮ್ಮೆ ನೋಡಿಕೊಂಡ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಗುವನ್ನು ಮೈಯಿಂದ ದೂರ, ಚಾಚಿದ ಎರಡು ತೋಳುಗಳ ತುದಿಯಲ್ಲಿ ಹಿಡಿದು ನಿಂತ. ಮಗು ಅದೂ ಒಂದು ಆಟವೆಂದುಕೊಂಡು ಕೇಕೆ ಹಾಕಿ ಕಾಲು ಬಡಿಯಿತು. ತೋಳು ನಡುಗತೊಡಗಿದರೂ ಅವನು ಹಾಗೇ ಹಿಡಿದೇ ಇದ್ದ.